ಕನ್ನಡಕದವರು ಕಂಡ ಚಂದ್ರ

ಪೇಟೆ ಬೀದಿಯ ಕನ್ನಡಕದವರಿಗೆ ದೂರದ್ದು ಕಾಣದೆಂದು ಯಾರೂ ಹೇಳುವಂತಿರಲಿಲ್ಲ. ಅವರ ಮೂಗಿನ ಮೇಲೆ ದಪ್ಪ ಗಾಜು ಕುಳಿತಿದ್ದುದು ನಿಜ. ಆದರೆ ಆ ಗಾಜನ್ನು ಉಜ್ಜಿ ಕೂರಿಸಿದವರೂ ಅವರೇ. ಅಂಗಡಿಯ ಮಾನವೆಲ್ಲ ಅದರ ಮೇಲೆ ನಿಂತಿತ್ತು.

ಆ ವರ್ಷ ರಂಜಾನಿನ ಹೊಸ ಚಂದ್ರನನ್ನು ಕಂಡವರು ಇಡೀ ಊರಿಗೆ ಅವರೊಬ್ಬರೇ. ನೀರಿನ ತೊಟ್ಟಿಯ ಬಲಕ್ಕೆ, ಕತ್ತರಿಸಿದ ಉಗುರಿನಷ್ಟು ಕಂಡು ಮುಳುಗಿದ. ಒಡನೆಯೇ ಚಪ್ಪಲಿ ಮೆಟ್ಟಿ ಖಾಜಿಯವರ ಕಚೇರಿಗೆ ನಡೆದರು. ಉಪವಾಸವಿರುವುದು ಒಬ್ಬೊಬ್ಬನ ಹೊಣೆ. ಅದು ಎಂದಿನಿಂದ ಎಂದು ಊರಿಗೆ ಸಾರುವುದು ಸರ್ಕಾರ ನೇಮಿಸಿದ ಖಾಜಿಯ ಹೊಣೆ.

“ಆಕಾಶ ತೊಳೆದಿಟ್ಟ ಹಾಗಿದೆ,” ಎಂದರು ಖಾಜಿ. “ಊರಿಗೂರೇ ಕತ್ತೆತ್ತಿ ನಿಂತಿತ್ತು. ಯಾರಿಗೂ ಕಾಣದ್ದು ನಿಮಗೊಬ್ಬರಿಗೆ ಹೇಗೆ ಕಾಣಿಸ್ತು?”

“ಹುಜೂರ್, ನೀವು ಹಾಕ್ಕೊಂಡಿರೋ ಕನ್ನಡಕಾನೂ ನಾನೇ ಮಾಡಿದ್ದು.”

“ಅದಕ್ಕೇ ಅನುಮಾನ.”

ಸಾಕ್ಷಿ ಬಿದ್ದುಹೋಯಿತು. ಆದರೂ ಖಾಜಿ ಬಾಗಿಲವರೆಗೆ ಬಂದು ನಿಯಮ ಹೇಳಿದರು: “ಊರಿಗೆ ನಾಳಿದ್ದಿನಿಂದ. ನೀವು ಕಂಡಿದ್ದು ನಿಜ ಆದ್ರೆ ನಿಮಗೆ ನಾಳೆಯಿಂದಲೇ ಕಡ್ಡಾಯ. ಮುಗಿಸೋದು ಮಾತ್ರ ಊರಿನ ಜೊತೆಗೇ.”

ಮರುದಿನ ಮಧ್ಯಾಹ್ನ ಹೆಂಡತಿ ಅವರೆದುರಿಗೇ ಉಂಡಳು. “ಚಂದ್ರ ನಿಮಗೊಬ್ಬರಿಗೇ ಸಲಾಂ ಹೊಡೆದು ಹೋದನೇನ್ರೀ?” ಎಂದು ಕೇಳಿ, ಇನ್ನಷ್ಟು ಬಡಿಸಿಕೊಂಡಳು.

ಅಂಗಡಿಯಲ್ಲಿ ಗಿರಾಕಿಗಳದ್ದು ಬೇರೆ ವರಸೆ. “ಮಾಮು, ಇದು ಓದೋ ಕನ್ನಡಕಾನೋ, ಇಲ್ಲದ್ದು ಕಾಣಿಸೋ ಕನ್ನಡಕಾನೋ?” ಎಂದವರಿದ್ದರು. ಪಕ್ಕದ ಮನೆಯ ದರ್ಜಿಯಂತೂ ಬೇರೆ ಬೀದಿಯ ಕನ್ನಡಕದಂಗಡಿಯಲ್ಲಿ ಕಣ್ಣು ತೋರಿಸಿಕೊಂಡು ಬಂದ. ಕನ್ನಡಕದವರಿಗೆ ನಾಟಿದ್ದು ಅದು.

ತಿಂಗಳು ಸವೆಯಿತು. ಊರಿನ ಇಪ್ಪತ್ತೊಂಬತ್ತು ಅವರಿಗೆ ಮೂವತ್ತು. ಚಂದ್ರನ ತಿಂಗಳು ಮೂವತ್ತು ದಾಟುವುದಿಲ್ಲ; ಅಂದು ಚಂದ್ರ ಕಂಡರೆ ಊರಿಗೆ ಮರುದಿನವೇ ಹಬ್ಬ. ಆ ಸಂಜೆ ಮಸೀದಿಯ ಮಾಳಿಗೆಯ ಮೇಲೆ ಜನವೋ ಜನ. ಮೇಲೆ ಮಾತ್ರ ಕಂಬಳಿಯಂಥ ಮೋಡ. ಮೋಡವಿದ್ದರೆ ಇಬ್ಬರ ಸಾಕ್ಷಿ ಸಾಕು. ಒಬ್ಬ ಆಗಲೇ ಸಿಕ್ಕಿದ್ದ: ಕನ್ನಡಕದವರ ಬಾಮೈದ, ಬೇಕರಿಯವನು. ಹಬ್ಬದ ಸಿಹಿಯನ್ನೆಲ್ಲ ಬೆಳಿಗ್ಗೆಯೇ ಮಾಡಿ ತಟ್ಟೆಗಳಲ್ಲಿ ಜೋಡಿಸಿದ್ದ ಅವನ ಕಣ್ಣು ಅಂದು ಬಹಳ ಚುರುಕಾಗಿತ್ತು.

“ಭಾವ, ಅಗೋ, ಕಂಬದ ಎಡಕ್ಕೆ! ಹೂಂ ಅನ್ನಿ ಸಾಕು. ನಿಮ್ಮ ಮಾತೂ ಉಳಿಯುತ್ತೆ, ನನ್ನ ಸಿಹಿಯೂ ಉಳಿಯುತ್ತೆ.”

ಹೌದೆಂದರೆ ಅವರ ಲೆಕ್ಕ ಸರಿಯಾಗುತ್ತಿತ್ತು, ಆಡಿಕೊಂಡವರ ಬಾಯಿ ಮುಚ್ಚುತ್ತಿತ್ತು. ಅವರು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಹಾಕಿಕೊಂಡು ನೋಡಿದರು.

“ಮೋಡದ ಹಿಂದೆ ಇದ್ದಾನೆ, ಹುಜೂರ್. ಇರಲೇಬೇಕು.”

“ಕಂಡ್ರಾ?” ಎಂದರು ಖಾಜಿ.

“ಇಲ್ಲ.”

ಮಾಳಿಗೆಯೆಲ್ಲ ನಿಟ್ಟುಸಿರಿಟ್ಟಿತು. “ಎಂಥಾ ಮನೆಗೆ ಅಕ್ಕನ್ನ ಕೊಟ್ವಪ್ಪಾ,” ಎಂದ ಬಾಮೈದ. ಖಾಜಿ “ನಾಳೆಯೂ ಉಪವಾಸ,” ಎಂದು ಊರಿಗೆ ಸಾರಿಸಿದರು. ಆಮೇಲೆ ತಮ್ಮ ಕನ್ನಡಕ ಬಿಚ್ಚಿ ಕನ್ನಡಕದವರ ಕೈಗಿಟ್ಟರು. “ಇದರ ಕಡ್ಡಿ ಸಡಿಲ ಆಗಿದೆ. ಬಿಗಿ ಮಾಡಿಕೊಡಿ. ಗಾಜು ಮುಟ್ಟಬೇಡಿ, ಗಾಜು ಸರಿಯಾಗಿದೆ.”

ಮರುದಿನ ಬೆಳಿಗ್ಗೆ ಹೆಂಡತಿ ಹಬ್ಬದ ಹೊಸ ಅಂಗಿಯನ್ನು ಮಂಚದ ಮೇಲೆ ಇಟ್ಟಳು.

“ಇವತ್ತು ಯಾಕೆ?”

“ನಿಮ್ಮ ಲೆಕ್ಕದಲ್ಲಿ ಹಬ್ಬ ಇವತ್ತೇ ಅಲ್ವೇನ್ರೀ?” ಎಂದು ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು.

ಹೊಸ ಅಂಗಿ ತೊಟ್ಟು, ಹಸಿದ ಹೊಟ್ಟೆಯಲ್ಲಿ ಅವರು ಅಂಗಡಿ ತೆರೆದರು. ಹೊಸ್ತಿಲಲ್ಲಿ ದರ್ಜಿ, ಬೇರೆ ಬೀದಿಯ ಕನ್ನಡಕವನ್ನು ಕೈಯಲ್ಲಿ ಹಿಡಿದು, ಕಣ್ಣುಜ್ಜುತ್ತ ನಿಂತಿದ್ದ.