ನಾಯಿಗೂ ಸೋಮವಾರದ ಉಪವಾಸ

೨೦೦೪ರ ಫೆಬ್ರವರಿ ೩, ಮಂಗಳವಾರ, ಸಂಜೆ ಆರೂ ಹತ್ತು. ಕಾರವಾರದ ಬಸ್ಸಿಳಿದು ಅಂಕೋಲೆಯ ಮನೆಗೆ ಬಂದರೆ ನಮ್ಮ ಹದಿಮೂರು ವರ್ಷದ ನಾಯಿ ಮತ್ತೆ ವಾಂತಿ ಮಾಡಿತ್ತು. ಒಂದು ತಿಂಗಳಲ್ಲಿ ಎರಡು ಕಿಲೋ ಇಳಿದಿದೆ.

ನಾನು ಕೆಲಸಕ್ಕೆ ಹೋದ ಮೇಲೆ ಅದಕ್ಕೆ ಮಧ್ಯಾಹ್ನದ ಊಟ ಹಾಕುವವರು ಪಕ್ಕದ ಮನೆಯ ಅಕ್ಕ. ಬಂಗಡೆ ಮೀನಿನ ಮುಳ್ಳನ್ನು ಬೆರಳಿನಲ್ಲಿ ತಡವಿ ತಡವಿ ತೆಗೆಯುತ್ತಾರೆ. ಡಾಕ್ಟರು ಹೇಳಿದ ಗಂಜಿಯನ್ನು ಮಾತ್ರ ತೆಂಗಿನ ಬುಡಕ್ಕೆ ಸುರಿಯುತ್ತಾರೆ. ಕೇಳಿದರೆ, "ವಯಸ್ಸಾದ ಜೀವ ತಮಾ, ರುಚಿ ಬೇಡ್ವಾ?" ಎಂಬುದು ಅವರ ನಿತ್ಯದ ಉತ್ತರ.

ವಾಂತಿಯ ದಿನಗಳನ್ನು ಬರೆದಿಟ್ಟಿದ್ದ ನನ್ನ ನೋಟ್‌ಬುಕ್ಕನ್ನು ಅವರ ಮುಂದೆ ಹಿಡಿದೆ. ಆರು ವಾರಗಳಲ್ಲಿ ಏಳು ವಾಂತಿ. ಅದರಲ್ಲಿ ಆರು ಮಂಗಳವಾರದವು.

"ಸೋಮವಾರ ನಂದು ಉಪಾಸ ಅಲ್ವಾ? ಅದಕ್ಕೂ ಬರೀ ನೀರು. ಮರುದಿನ ಎರಡೂ ದಿನದ್ದು ಸೇರ್ಸಿ ಹಾಕ್ತೆ," ಎಂದರು.

"ನಾಯಿಗೆಂತಾ ಉಪಾಸ, ಅಕ್ಕಾ!"

"ಮತ್ತೆ ಪುಣ್ಯ ನಾವೊಬ್ರೇ ಕಟ್ಕಂಡು ಹೋಗೂದಾ?"

ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ನಾಯಿಯ ಎದ್ದು ಕಾಣುವ ಬೆನ್ನೆಲುಬಿನ ಮೇಲೆ ಕೈಯಾಡಿಸಿ, ಗಂಭೀರವಾಗಿ ತೀರ್ಮಾನ ಹೇಳಿದರು: "ಹಂಗಾರೆ ಮಂಗಳವಾರನೂ ಉಪಾಸ ಮಾಡ್ಸುವಾ."

ಮುದಿ ನಾಯಿಗೆ ದಿನಕ್ಕೆ ಎಷ್ಟು ಸಲ, ಎಷ್ಟೆಷ್ಟು ಹಾಕಬೇಕೆಂದು ಬಲ್ಲ ಓದುಗರು ದಯವಿಟ್ಟು ಬೇಗ ಬರೆಯಿರಿ. ಅಕ್ಷರ ದೊಡ್ಡದಿರಲಿ, ಓದಬೇಕಾದವರು ನಾನಲ್ಲ, ಅಕ್ಕ.