ಅಳತೆ ಬ್ಲೌಸ್

ಹೊಸನಗರದಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಹೆಂಗಸರ ಬಟ್ಟೆ ಮಾತ್ರ ಹೊಲಿಯುತ್ತೇನೆ. ನನ್ನ ಬಾಯಿ ಜೋರು ಅಂತ ಎಲ್ಲರಿಗೂ ಗೊತ್ತು. ಆದರೂ ಬರುತ್ತಾರೆ, ಯಾಕೆಂದರೆ ನಾನು ಹೊಲಿದ ಬ್ಲೌಸ್ ಭುಜದಿಂದ ಜಾರುವುದಿಲ್ಲ. ಇದೊಂದು ಜಂಬ ನನಗಿದೆ, ಇರಲಿ ಬಿಡಿ.

ಈಗ ಎರಡು ವರ್ಷದಿಂದ ಅಂಗಡಿಯಲ್ಲಿ ಮಾತು ಕೆಟ್ಟಿದೆ. ಮೊದಲು ಹಬ್ಬ, ಮದುವೆ, ಅತ್ತೆ ಸೊಸೆ ಅಂತ ಹರಟುತ್ತಿದ್ದವರು ಈಗ ಮೊಬೈಲಿಗೆ ಬಂದದ್ದನ್ನು ಓದಿ ಹೇಳಿ, ಯಾವ ಜಾತಿಗೆ ಎಷ್ಟು ಸಿಕ್ಕಿತು, ಮೀಸಲಾತಿ ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಕಿತ್ತಾಡುತ್ತಾರೆ. ಹಳೆಯ ಗೆಳತಿಯರಿಬ್ಬರು ನನ್ನೆದುರೇ ಮಾತು ಬಿಟ್ಟರು. ಅವತ್ತು ಮೆಷಿನ್ ನಿಲ್ಲಿಸಿ, "ಅದನ್ನೆಲ್ಲ ಹೊರಗಿಟ್ಟು ಬನ್ರೇ. ನನ್ನ ಅಂಗಡೀಲಿ ಜಾತಿ ಇಲ್ಲ. ಎಲ್ರಿಗೂ ಒಂದೇ ಕತ್ತರಿ" ಅಂದೆ. ಚೆನ್ನಾಗಿ ಹೇಳಿದೆ ಅನ್ನಿಸಿತು. ಆಮೇಲೆ ಬಂದವರಿಗೆಲ್ಲ ಅದನ್ನೇ ಹೇಳತೊಡಗಿದೆ.

ಹೇಳಲು ನನಗೆ ಹಕ್ಕಿದೆ ಅಂತಲೂ ನಂಬಿದ್ದೆ. ನನ್ನ ತವರು ಸಾಗರದ ಹತ್ತಿರ, ಇಕ್ಕೇರಿ ದಾರಿಯಲ್ಲಿ. ಅಜ್ಜ ಗೇಣಿ ಮಾಡುತ್ತಿದ್ದವರು. ಗೇಣಿ ಭತ್ತ ಹೊತ್ತು ಒಡೆಯರ ಮನೆಗೆ ಹೋದರೆ ಅಂಗಳದಲ್ಲೇ ನಿಲ್ಲಬೇಕಿತ್ತು. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಗದ್ದೆ ನಮ್ಮ ಹೆಸರಿಗೆ ಆದ ಮೇಲೂ ಅಜ್ಜ ಆ ಮನೆಯ ಜಗುಲಿ ಹತ್ತಲಿಲ್ಲ. ಈ ಕಥೆಯನ್ನು ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದೇನೋ, ಪ್ರತಿ ಸಲವೂ ಕಣ್ಣು ತುಂಬುತ್ತದೆ.

ಒಂದು ಮಧ್ಯಾಹ್ನ ದಲಿತರ ಕೇರಿಯ ಹುಡುಗಿಯೊಬ್ಬಳು ಬಂದಳು. ಶಿವಮೊಗ್ಗದ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ತೀರ್ಥಹಳ್ಳಿಯ ಕಡೆ ಗಂಡು ಗೊತ್ತಾಗಿತ್ತು. ನಾನು ಬೇರೆ ಗಿರಾಕಿಗಳಿಗೆ ಕತ್ತರಿಯ ಮಾತು ಹೇಳುತ್ತಿದ್ದೆ. ಅವರು ಎದ್ದು ಹೋಗುವ ತನಕ ಕಾದಿದ್ದು, ಮೇಜಿನ ಮೇಲೆ ಮರೂನ್ ಬಣ್ಣದ ಬ್ಲೌಸ್ ಪೀಸ್ ಇಟ್ಟಳು.

"ಇದು ಅಮ್ಮಂದು ಅಕ್ಕ. ಮದುವೆಗೆ."

ನಾನು ತಲೆ ಎತ್ತದೆ ಕೈ ಚಾಚಿದೆ. "ಅಳತೆ ಬ್ಲೌಸ್ ತಂದ್ಯಾ?"

"ಇಲ್ಲ. ಅಮ್ಮನ್ನೇ ಕರ್ಕೊಂಡು ಬರ್ತೀನಿ. ಅಳತೆ ತಗೊಳ್ಳಿ."

"ಅಯ್ಯೋ ಅದೆಂತಕ್ಕೆ ಮಾರಾಯ್ತಿ? ಹದಿನೈದು ವರ್ಷದಿಂದ ಹಳೇದ್ನ ನೋಡೇ ಹೊಲ್ದು ಕೊಡ್ತಾ ಇಲ್ವಾ?"

"ಅದಕ್ಕೇ ಹೇಳಿದ್ದು" ಎಂದಳು. ದನಿ ಏರಿರಲಿಲ್ಲ. "ಎಲ್ರಿಗೂ ಒಂದೇ ಕತ್ತರಿ ಅಂದ್ರಲ್ಲ ಈಗ. ಕತ್ತರಿ ಒಂದೇ, ಹೌದು. ಟೇಪು?"

ನನಗೆ ಮೈಯೆಲ್ಲ ಉರಿದುಹೋಯಿತು. "ಎಂತ ಮಾತು ಅಂತ ಆಡ್ತೀಯೆ? ನನಗೇ ಜಾತಿ ವಿಷಯ ಹೇಳ್ಕೊಡ್ತೀಯಾ? ನಮ್ಮಜ್ಜ..." ಅಂತ ಶುರು ಮಾಡಿ ಅಂಗಳ, ಬೊಗಸೆ, ನೀರು ಎಲ್ಲ ಒದರಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಗೊತ್ತು ಅಕ್ಕ. ಅಮ್ಮ ನಿಮ್ಮ ಬಾಗಿಲಲ್ಲಿ ನಿಂತು ಕೇಳಿದ್ದಾಳೆ. ಮನೆಗೆ ಬಂದು ನಮಗೂ ಹೇಳಿ ಅತ್ತಿದ್ದಾಳೆ."

ಉಳಿದದ್ದನ್ನು ಅವಳೇ ಹೇಳಿದಳು. ಅವಳಮ್ಮ ಮೊಟ್ಟಮೊದಲು ನನಗೆ ತಂದುಕೊಟ್ಟ ಅಳತೆ ಬ್ಲೌಸ್ ಅಮ್ಮನದಾಗಿರಲೇ ಇಲ್ಲ. ಕೆಲಸಕ್ಕೆ ಹೋಗುತ್ತಿದ್ದ ಮನೆಯವರು ಕೊಟ್ಟ ಹಳೆಯದು. ಅದನ್ನು ನೋಡಿ ನಾನು ಹೊಲಿದೆ. ಮುಂದಿನ ಸಲ ನಾನು ಹೊಲಿದದ್ದೇ ಅಳತೆಗೆ ಬಂತು. ಹೀಗೆ ಹದಿನೈದು ವರ್ಷ ಯಾವಳದೋ ಅಳತೆ. ಅವಳಮ್ಮನಿಗೆ ನರ್ಸರಿಯಲ್ಲಿ ಸಸಿಯ ಚೀಲಕ್ಕೆ ಮಣ್ಣು ತುಂಬುವ ಕೆಲಸ, ದಿನವಿಡೀ ಕೈ ಆಡಬೇಕು. ಹಾಗಾಗಿ ಹೊಸ ಬ್ಲೌಸ್ ಮನೆಗೆ ಬಂದ ಕೂಡಲೇ ಬಿಗಿ ತಾಳದೆ ಕಂಕುಳ ಹೊಲಿಗೆ ಬಿಚ್ಚಿಕೊಳ್ಳುತ್ತಾಳೆ, ಅಳತೆಗೆ ಕೊಡುವಾಗ ಮತ್ತೆ ಹೊಲಿದು ಕೊಡುತ್ತಾಳೆ.

"ನನ್ನ ಮದುವೇಲಾದ್ರೂ ಅಮ್ಮ ಅವಳದ್ದೇ ಅಳತೆಯ ಬ್ಲೌಸ್ ಹಾಕ್ಬೇಕು ಅಕ್ಕ. ಶಿವಮೊಗ್ಗದಲ್ಲಿ ಹೊಲಿಸ್ತೀನಿ ಅಂದ್ರೆ ಕೇಳಲ್ಲ. ನಿಮ್ಮ ಹತ್ರಾನೇ ಆಗ್ಬೇಕಂತೆ."

"ಬೇಕಾದ್ರೆ ಶಿವಮೊಗ್ಗಕ್ಕೇ ಹೋಗು" ಅಂದೆ. ಅಂದದ್ದು ನಿಜ. ಅವಳು ಬಟ್ಟೆ ವಾಪಸ್ ತೆಗೆದುಕೊಳ್ಳಲಿಲ್ಲ. ಶುಕ್ರವಾರ ಬರುತ್ತೇವೆ ಎಂದು ಹೊರಟುಹೋದಳು.

ಅವಳದ್ದು ಸುಳ್ಳು ಅಂತ ತೋರಿಸಲೇಬೇಕೆಂದು ಅಳತೆ ಪುಸ್ತಕ ತೆಗೆದೆ. ಅಳತೆ ಬ್ಲೌಸ್ ನಾನು ಎಲ್ಲರ ಹತ್ತಿರವೂ ಕೇಳುತ್ತೇನೆ, ಅದರಲ್ಲೇನು ತಪ್ಪು? ಆದರೆ ಬೇರೆ ಹೆಂಗಸರ ಹೆಸರಿನ ಕೆಳಗೆಲ್ಲ ಭುಜ, ಎದೆ, ತೋಳು, ಉದ್ದ ಅಂತ ಅಂಕಿಗಳಿದ್ದವು. ಬ್ಲೌಸ್ ತಂದವರಿಗೂ ಒಂದು ಸಲ ಟೇಪು ಹಿಡಿದಿದ್ದೆ. ಆ ಕೇರಿಯ ಹೆಂಗಸರ ಹೆಸರಿನ ಮುಂದೆ ಮಾತ್ರ ಒಂದೇ ಬರಹ, ಅಳತೆ ಬ್ಲೌಸ್ ಇದೆ. ಒಬ್ಬರದಲ್ಲ, ಎಲ್ಲರದೂ ಹಾಗೇ.

ಹೊಲಿಗೆ ಕಲಿತದ್ದು ಸಾಗರದಲ್ಲಿ, ಸೋದರತ್ತೆಯ ಅಂಗಡಿಯಲ್ಲಿ. ಇಂಥವರನ್ನು ಮುಟ್ಟಬೇಡ ಅಂತ ಅತ್ತೆ ಒಂದು ದಿನವೂ ಹೇಳಿದವಳಲ್ಲ. ಕೆಲವರು ಬಂದಾಗ ಕೊರಳಲ್ಲಿದ್ದ ಟೇಪು ತೆಗೆದು ಮೊಳೆಗೆ ಹಾಕುತ್ತಿದ್ದಳು, ಅಷ್ಟೇ. ಗುಂಡಿಗೆ ಕಾಜಾ ಹಾಕುವುದನ್ನು ಕಲಿತ ಹಾಗೆ ಅದನ್ನೂ ನೋಡಿ ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ನಾನು ಮಾಡುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಥೂ, ಗೊತ್ತಿರಲಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ನೋಡಲು ಹೋಗಿರಲಿಲ್ಲ. ನಾಚಿಕೆಯಾಯಿತು. ಅದಕ್ಕೂ ಮೊದಲು ಆ ಹುಡುಗಿಯ ಮೇಲೆ ಇನ್ನಷ್ಟು ಸಿಟ್ಟು ಬಂತು.

ಶುಕ್ರವಾರ ತಾಯಿ ಮಗಳು ಬಂದರು. ತಾಯಿ ಎಂದಿನಂತೆ ಬಾಗಿಲಲ್ಲೇ ನಿಂತಳು. ನನಗಿಂತ ಆರೇಳು ವರ್ಷಕ್ಕೆ ದೊಡ್ಡವಳು. ನನ್ನನ್ನು ಅಮ್ಮಾ ಅನ್ನುತ್ತಾಳೆ. ನಾನು ಅವಳಿಗೆ ನೀನು ಅನ್ನುತ್ತೇನೆ.

"ಒಳಗೆ ಬನ್ನಿ" ಅಂದೆ.

ಅವಳು ಹಿಂತಿರುಗಿ ನೋಡಿದಳು, ಬೇರೆ ಯಾರನ್ನು ಕರೆದೆ ಅಂತ.

"ನಿಮ್ಮನ್ನೇ" ಅಂದೆ. ಒಳಗೆ ಬಂದರು. ಟೇಪು ಕೈಯಲ್ಲಿತ್ತು. ಸುಳ್ಳು ಹೇಳುವುದಿಲ್ಲ, ಮುಟ್ಟುವ ಮೊದಲು ನನ್ನ ಕೈ ಒಂದು ಗಳಿಗೆ ನಿಂತಿತು. ಅದನ್ನು ಮಗಳು ನೋಡಿದಳು. ಭುಜ ಅಳೆದೆ, ಉದ್ದ ಅಳೆದೆ. ಅವರು ಎರಡೂ ಕೈ ಎದೆಗೆ ಒತ್ತಿಕೊಂಡು ಮುದುಡಿ ನಿಂತಿದ್ದರು. "ಕೈ ಸ್ವಲ್ಪ ಎತ್ತಿ" ಅಂದರೆ ಹೇಗೆ ಅಂತ ತಿಳಿಯಲಿಲ್ಲ. ಐವತ್ತು ದಾಟಿದ ಹೆಂಗಸಿಗೆ ಅಳತೆ ಕೊಡಲು ನಿಲ್ಲುವುದು ಗೊತ್ತಿರಲಿಲ್ಲ. ಮಗಳು ಎದುರು ನಿಂತು ಕೈ ಎತ್ತಿ ತೋರಿಸಿದ ಮೇಲೆ ಎತ್ತಿದರು.

ಬಿಚ್ಚಿದ ಹೊಲಿಗೆಯ ಸಂದಿಯಲ್ಲಿ ಉಜ್ಜಿ ಉಜ್ಜಿ ಕಪ್ಪಾಗಿ ದಡ್ಡುಗಟ್ಟಿದ ಚರ್ಮ ಕಂಡಿತು. ಹೊಲಿಗೆ ನನ್ನದು. ಎದೆಯ ಸುತ್ತ ಟೇಪು ತಂದೆ. ನಾನು ಹೊಲಿಯುತ್ತಿದ್ದುದಕ್ಕಿಂತ ಎರಡೂವರೆ ಇಂಚು ಹೆಚ್ಚು. ಬರೆದುಕೊಂಡೆ. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ.

ಅವರು ಇನ್ನೂ ಕೈ ಇಳಿಸಿರಲಿಲ್ಲ. "ಮುಗೀತಾ ಅಮ್ಮಾ?" ಎಂದು ಕೇಳಿದರು.

"ಮುಗೀತು."

"ಇಷ್ಟೇನಾ?"