ಮೇಸ್ತ್ರಿಯ ಎಡಗಾಲು

ಮೇಸ್ತ್ರಿಯವರ ಎಡ ಅಂಗಾಲು ದೋಸೆ ಕಾವಲಿಯ ತಳದಷ್ಟು ಕಪ್ಪು. ಹಿಮ್ಮಡಿಯ ಬಿರುಕುಗಳಲ್ಲಿ ಎಷ್ಟೋ ವರ್ಷಗಳ ಆಯಿಲ್ ಕೂತಿತ್ತು, ಯಾವ ಸೋಪಿಗೂ ಜಗ್ಗುತ್ತಿರಲಿಲ್ಲ. ಬಲಗಾಲು ಮಾತ್ರ ಎಲ್ಲರ ಕಾಲಿನಂತೆಯೇ ಇತ್ತು. ಟ್ರ್ಯಾಕ್ಟರ್ ಹತ್ತುವ ಮೊದಲು ಅವರು ಎಡಗಾಲಿನ ಚಪ್ಪಲಿಯೊಂದನ್ನೇ ಬಿಡುತ್ತಿದ್ದರು. ಬರಿಗಾಲನ್ನು ಕ್ಲಚ್ ಪೆಡಲ್ ಮೇಲಿಟ್ಟು, ಕಣ್ಣು ಮುಚ್ಚಿ ಮೂರು ಸಲ ಒತ್ತಿ, ಆಮೇಲೆ ರೋಗ ಹೇಳುತ್ತಿದ್ದರು. ಕುಮಟೆಯಿಂದ ಹೊನ್ನಾವರದವರೆಗೆ ಮಿನಿ ಟ್ರ್ಯಾಕ್ಟರ್ ಇಟ್ಟವರೆಲ್ಲ ಆ ಕಾಲನ್ನು ನಂಬಿದ್ದೆವು.

ನಾನು ಬಾಡ ಎಂಬ ಊರಿನ ಮರಳು ಗದ್ದೆಯಲ್ಲಿ ಶೇಂಗಾ, ತರಕಾರಿ ಬೆಳೆಯುವವಳು. ಟ್ರ್ಯಾಕ್ಟರ್ ತಂದ ವರ್ಷವೇ ಅದು ಗದ್ದೆಯಿಂದ ರಸ್ತೆಗೆ ಹತ್ತುವ ಸಣ್ಣ ಏರಿನಲ್ಲಿ ಹಟ ಹಿಡಿಯಿತು. ಇಂಜಿನ್ ಕೂಗುವುದು ಊರಿಗೆಲ್ಲ ಕೇಳುತ್ತಿತ್ತು, ಚಕ್ರ ಮಾತ್ರ ಅಲ್ಲಾಡುತ್ತಿರಲಿಲ್ಲ. ನೋಡಲು ಬಂದವರೆಲ್ಲ ಡಾಕ್ಟರಾದರು. ಕ್ಲಚ್ ಪ್ಲೇಟ್ ಸವೆದಿದೆ, ಸೆಟ್ಟೇ ಬದಲಿಸು ಎಂದರು. ಮೇಸ್ತ್ರಿ ಬಂದವರು ಮೂರು ಸಲ ಒತ್ತಿ, ಕೆಳಗಿಳಿದು ಪೆಡಲಿನ ರಾಡನ್ನು ನಾಲ್ಕು ಸುತ್ತು ತಿರುಗಿಸಿದರು. ಟ್ರ್ಯಾಕ್ಟರ್ ಏರು ಹತ್ತಿತು. ಬೈಗುಳ ಮಾತ್ರ ಅರ್ಧ ಗಂಟೆ ನಡೆಯಿತು. ಓಡಿಸುವಾಗಲೆಲ್ಲ ನಾನು ಪೆಡಲ್ ಮೇಲೆ ಕಾಲಿಟ್ಟೇ ಕೂರುತ್ತೇನೆಂದು ಅವರಿಗೆ ಹೇಗೋ ಗೊತ್ತಾಗಿತ್ತು.

“ಕೆಲಸ ಇಲ್ಲದ ಕಾಲು ಪೆಡಲ್ ಮೇಲೆ ಇಡೂದಲ್ಲ ತಂಗಿ,” ಎಂದರು.

ಅಂದೇ ನನ್ನ ಚಪ್ಪಲಿಯನ್ನೂ ಬಿಡಿಸಿ ಪೆಡಲ್ ಒತ್ತಿಸಿದರು. ಮೊದಲು ಎರಡು ಬೆರಳಿನಷ್ಟು ಹಗುರವಾಗಿ ಇಳಿಯಬೇಕು, ಆಮೇಲೆ ಭಾರ ಸಿಗಬೇಕು. ಹಗುರವೇ ಇಲ್ಲದಿದ್ದರೆ ಕ್ಲಚ್ ಜಾರುತ್ತದೆ. ಹಗುರ ಹೆಚ್ಚಾದರೆ ಕ್ಲಚ್ ಬಿಡುವುದಿಲ್ಲ, ಗೇರ್ ಹಾಕುವಾಗ ಕರಕರ ಎನ್ನುತ್ತದೆ. ಬೂಟು ಹಾಕಿದ ಮೆಕ್ಯಾನಿಕ್‌ಗಳನ್ನು ಕಂಡರೆ ಅವರಿಗೆ ನಗು. ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಅನ್ನ ಬೆಂದಿದೆಯೇ ಎಂದು ಹಿಸುಕಿದ ಹಾಗೆ ಎನ್ನುತ್ತಿದ್ದರು.

ಏಳೆಂಟು ವರ್ಷಗಳ ಮೇಲೆ, ಭತ್ತದ ಕೊಯ್ಲು ಮುಗಿದು ಶೇಂಗಾ ಬಿತ್ತುವ ಹೊತ್ತಿನಲ್ಲಿ, ಗೇರ್ ಕರಕರ ಎನ್ನತೊಡಗಿತು. ಬರಿಗಾಲಲ್ಲಿ ಒತ್ತಿ ನೋಡಿದೆ. ಪೆಡಲ್ ಅರ್ಧದವರೆಗೂ ಹಗುರ. ರಾಡ್ ತಿರುಗಿಸಿದರೆ ಸಾಕು ಎಂದು ತಿಳಿಯಿತು. ಆದರೂ ಮೇಸ್ತ್ರಿ ಇರುವಾಗ ನಾನೇ ಕೈ ಹಾಕುವುದು ಸರಿಯಲ್ಲವೆಂದು ಫೋನ್ ಮಾಡಿದೆ. ಅವರು ಬಂದು ಚಪ್ಪಲಿ ಬಿಟ್ಟರು, ಮೂರು ಸಲ ಒತ್ತಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಕಾಲು ಎಲ್ಲಿದೆ ಎಂದು ಬಗ್ಗಿ ನೋಡಿಕೊಂಡೇ ಒತ್ತಿದರು. ಮಳೆಗಾಲದಲ್ಲಿ ಸುಮ್ಮನೆ ನಿಂತು ಪ್ಲೇಟ್ ಅಂಟಿಕೊಂಡಿದೆ, ಬಿಚ್ಚಬೇಕು ಎಂದರು. ಕಲಿಸಿದವರಿಗೇ ತಪ್ಪು ಎನ್ನುವುದು ಹೇಗೆ?

ಪ್ಲೇಟ್ ತೆಗೆಯಲು ಹೊನ್ನೆ ಮರದ ಕೆಳಗೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಹೋಳು ಮಾಡಿದರು. ಸಂಜೆ ಪ್ಲೇಟ್ ಹೊರಗೆ ಬಂತು. ಎಲ್ಲೂ ಅಂಟಿರಲಿಲ್ಲ, ಸವೆದಿರಲಿಲ್ಲ. ಅವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಆಗ ನೋಡಿದೆ, ಕಾಲ ಕೆಳಗಿನ ಮರಳು ಕೆಂಪಾಗಿತ್ತು. ಅಂಗಾಲಿಗೆ ಒಂದು ಮೊಳೆ ನೆಟ್ಟಿತ್ತು. ನಾನು ಹೇಳಿದ ಮೇಲೆಯೇ ಅವರು ಕಾಲೆತ್ತಿ ನೋಡಿ, ಇನ್ಯಾರದೋ ಕಾಲಿನಿಂದ ಕೀಳುವಂತೆ ಅದನ್ನು ಕಿತ್ತು ಹಾಕಿದರು.

“ಸಕ್ಕರೆ ಕಾಯಿಲೆ. ಎರಡು ವರ್ಷ ಆತು, ಈ ಕಾಲು ನಂಗೆ ಎಂತದೂ ಹೇಳೂದಿಲ್ಲ,” ಎಂದರು. “ಯಾರಿಗೂ ಹೇಳ್ಬೇಡ ತಂಗಿ. ಮನೇಲೂ ಗೊತ್ತಿಲ್ಲ.”

ಹೇಳುವುದಿಲ್ಲ ಎಂದೆ. ಗಾಯ ತೊಳೆದು ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೆ. ಡಾಕ್ಟರಿಗೆ ತೋರಿಸಿ ಎಂದರೆ, ಆತು ಆತು ಎಂದರು. ಮರುದಿನ ಟ್ರ್ಯಾಕ್ಟರ್ ಜೋಡಿಸಿ, ಪೆಡಲ್ ಒತ್ತಲು ನನಗೇ ಹೇಳಿದರು. ಅರ್ಧದವರೆಗೂ ಹಗುರ ಎಂದೆ. ರಾಡ್ ತಿರುಗಿಸಿದರು, ಗೇರ್ ಸದ್ದಿಲ್ಲದೆ ಬಿತ್ತು.

“ನಿನ್ನೆಯೇ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಮೇಸ್ತ್ರಿಯವರೇ.”

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಮೂರು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಗಾಯ ಒಣಗಿದೆ ಎಂದರು. ಅವರ ಹೆಂಡತಿಗೆ ಹೇಳಿಬಿಡೋಣವೆಂದು ಹೊರಟು ಎರಡು ಸಲ ಹಿಂದೆ ಬಂದೆ. ಕಾಲು ಸತ್ತಿದೆ ಎಂಬ ಸುದ್ದಿ ಹಬ್ಬಿದರೆ ಅವರನ್ನು ಇನ್ಯಾರು ಕರೆಯುತ್ತಾರೆ? ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಕಾಲು. ನನ್ನಿಂದ ಏನೂ ಆಗಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆನೆಂದು ಸಮಾಧಾನ ಹೇಳಿಕೊಂಡೆ. ಅವರು ಆಸ್ಪತ್ರೆ ಸೇರುವಾಗ ಪಾದ ಊದಿ ಬಣ್ಣ ಬದಲಾಗಿತ್ತು. ಗಾಯ ಎಷ್ಟು ದಿನದ್ದು ಎಂದು ಡಾಕ್ಟರ್ ಕೇಳಿದರೆ, ಮೊನ್ನೆಯದು ಎಂದರಂತೆ. ಮೊಣಕಾಲಿನ ಕೆಳಗೆ ಕತ್ತರಿಸಿದರು. ಆ ಗಾಯವೂ ಮಾಯಲಿಲ್ಲ. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ.

ಹನ್ನೆರಡನೇ ದಿನದ ಕಾರ್ಯ ಕಳೆದ ಮೇಲೆ ಅವರ ಮನೆಗೆ ಹೋದೆ. ಹೊಸ್ತಿಲ ಹತ್ತಿರ ಅವರ ಚಪ್ಪಲಿ ಇನ್ನೂ ಇತ್ತು. ಬಲಗಾಲಿನದು ಹಿಮ್ಮಡಿಯವರೆಗೆ ಸವೆದಿತ್ತು, ಎಡಗಾಲಿನದು ಹೊಸತರಂತೆಯೇ ಇತ್ತು. ಅವರ ಹೆಂಡತಿ ನನ್ನೆದುರು ಕೂತರು.

“ಮೊಳೆ ತಾಗಿದ್ದು ನಿಮ್ಮ ಗದ್ದೇಲಿ ಅಂತ ಕಡೇಗೆ ಹೇಳಿದ್ರು. ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಅಕ್ಕ.”

ಅವರು ಎದ್ದು ಒಳಗೆ ಹೋಗಿ, ಬಂದವರಿಗೆ ಕೊಡುವಂತೆ ನನಗೂ ಬೆಲ್ಲ, ನೀರು ತಂದಿಟ್ಟರು. ನೀರು ಕುಡಿದೆ. ಬೆಲ್ಲ ಕೈಯಲ್ಲೇ ಕರಗಿತು.